ಕಲ್ಚರ್ ನೆಗೆಟಿವ್, ಜ್ವರವೂ ಇಲ್ಲ, ಆದರೂ ಸೆಪ್ಸಿಸ್ ಅನ್ನುವುದು ಯಾವ ಲೆಕ್ಕದಲ್ಲಿ?

ನವಿಲುಗರಿ
ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್, ಜ್ವರ 99 ದಾಟಿಲ್ಲ, ಆದರೂ ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೆಪ್ಸಿಸ್ ಅಂತ ಬರೆದಿರುತ್ತಾರೆ. ಇದನ್ನೇ ನಮ್ಮ ಕಡೆ ‘ರಕ್ತಕ್ಕೆ ನಂಜೇರಿದೆ’ ಅನ್ನುವುದಾ? ರೋಗಾಣುವೇ ಸಿಗದೆ ಸೋಂಕು ಅಂತ ಹೇಗೆ ಹೇಳುತ್ತಾರೆ? ತಿಳಿದವರು ಬಿಡಿಸಿ ಹೇಳಿ. ಲಿಂಕ್ ಬೇಡ, ಮಾತಿನಲ್ಲೇ ಹೇಳಿ.

ರಾತ್ರಿಪಾಳಿ (ಐಸಿಯು ವೈದ್ಯ)
ನಂಜು ಅನ್ನುವುದು ನಮ್ಮಲ್ಲಿ ಬಹಳ ಅಗಲದ ಮಾತು. ಹಾವು ಕಚ್ಚಿದರೂ ನಂಜು, ಗಾಯ ಕೀವು ಕಟ್ಟಿದರೂ ನಂಜು, ಹೊಲಿಗೆ ಹಾಕಿಸಿಕೊಂಡವರು ಬದನೆಕಾಯಿ ತಿಂದರೂ ನಂಜು. ಸೆಪ್ಸಿಸ್ ಅಷ್ಟು ಅಗಲವಲ್ಲ. 2016ರಲ್ಲಿ ಒಪ್ಪಿಕೊಂಡ ವ್ಯಾಖ್ಯೆ ಇಷ್ಟು: ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟ ಹದ ತಪ್ಪಿ, ದೇಹದ ಅಂಗಗಳೇ ಕೆಟ್ಟು ಜೀವಕ್ಕೆ ಕುತ್ತು ಬರುವುದು. ಹಾಗಾಗಿ ಬೇಕಾದದ್ದು ಎರಡು. ಒಂದು, ಸೋಂಕು ಇದೆ ಅಥವಾ ಇರಬೇಕು ಎಂಬ ಬಲವಾದ ಅನುಮಾನ. ಇನ್ನೊಂದು, ಅದರಿಂದ ಯಾವುದಾದರೂ ಅಂಗ ಕೆಲಸ ತಪ್ಪಿದೆ ಎನ್ನುವುದಕ್ಕೆ ಗುರುತು. ರಕ್ತದಲ್ಲಿ ರೋಗಾಣು ಸಿಗಲೇಬೇಕು ಅಂತ ಇಲ್ಲ, ಜ್ವರ ಇರಲೇಬೇಕು ಅಂತಲೂ ಇಲ್ಲ.

ಅಂಗ ಕೆಟ್ಟಿದ್ದನ್ನು ಅಳೆಯಲು ಸೋಫಾ (SOFA) ಎಂಬ ಅಂಕಪಟ್ಟಿ ಇದೆ. ಶ್ವಾಸಕೋಶ, ಪ್ಲೇಟ್‌ಲೆಟ್, ಬಿಲಿರುಬಿನ್ (ಲಿವರ್‌ನ ಗುರುತು), ರಕ್ತದೊತ್ತಡ, ಪ್ರಜ್ಞೆ, ಕಿಡ್ನಿ, ಹೀಗೆ ಆರಕ್ಕೂ 0ಯಿಂದ 4ರವರೆಗೆ ಅಂಕ. ಸೋಂಕಿನ ಜೊತೆಗೆ, ಆ ವ್ಯಕ್ತಿಗೆ ಮೊದಲಿದ್ದ ಅಂಕಕ್ಕಿಂತ 2 ಏರಿದರೆ ಸೆಪ್ಸಿಸ್. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1ರಲ್ಲಿದ್ದದ್ದು 2 ಮುಟ್ಟಿದರೆ ಅಲ್ಲಿಗೇ 2 ಅಂಕ. ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗಿಳಿದರೂ 2.

ಒಳಗೆ ಆಗುವುದೇನೆಂದರೆ, ರಕ್ತನಾಳದ ಒಳಪದರ ಸೋರತೊಡಗುತ್ತದೆ, ನಾಳಗಳು ಸಡಿಲವಾಗಿ ಹಿಗ್ಗುತ್ತವೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೀರು ನಾಳದಿಂದ ಹೊರಗೆ ಹೋಗಿ ಮೈ ಊದಿದರೂ ನಾಳದೊಳಗೆ ನೀರಿಲ್ಲ. ‘ಮುಖ, ಕೈಕಾಲೆಲ್ಲ ಊದಿದೆ, ಇನ್ನೂ ಡ್ರಿಪ್ ಯಾಕೆ ಹಾಕ್ತೀರಿ’ ಎಂದು ಮನೆಯವರು ಕೇಳುವುದು ಇದಕ್ಕೇ.

ಸೆಪ್ಟಿಕ್ ಶಾಕ್ ಇದರ ಮುಂದಿನ ಮೆಟ್ಟಿಲು. ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ಒತ್ತಡ 65ರಲ್ಲಿ ನಿಲ್ಲಿಸಲು ಔಷಧಿ ಬೇಕಾಗುವುದು, ಜೊತೆಗೆ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಅಂಶ) 2ಕ್ಕಿಂತ ಹೆಚ್ಚಿರುವುದು. ಆ ಹಂತ ತಲುಪಿದವರಲ್ಲಿ ಸಾವಿನ ಪ್ರಮಾಣ ನೂರಕ್ಕೆ 40ರ ಆಸುಪಾಸು. 2020ರ ಜನವರಿಯಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ, 2017 ಒಂದೇ ವರ್ಷದಲ್ಲಿ ಸುಮಾರು 4.89 ಕೋಟಿ ಜನಕ್ಕೆ ಸೆಪ್ಸಿಸ್ ಆಗಿ 1.1 ಕೋಟಿ ಜನ ತೀರಿಕೊಂಡಿದ್ದರು.

ಅಗರ್‌ತಟ್ಟೆ (ಮೈಕ್ರೋಬಯಾಲಜಿ)
ಕಲ್ಚರ್ ನೆಗೆಟಿವ್ ಬರುವುದರ ಬಗ್ಗೆ ಲ್ಯಾಬಿನ ಕಡೆಯಿಂದ. ಸೆಪ್ಸಿಸ್ ಇದ್ದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ನ್ಯುಮೋನಿಯಾದಲ್ಲಿ ರೋಗಾಣು ಶ್ವಾಸಕೋಶದಲ್ಲೇ ಇದ್ದು ರಕ್ತಕ್ಕೆ ಇಳಿಯದೆ ಇರಬಹುದು. ಸ್ಕ್ರಬ್ ಟೈಫಸ್ (ನುಸಿ ಕಚ್ಚಿ ಬರುವ ಜ್ವರ), ಇಲಿಜ್ವರದ ರೋಗಾಣುಗಳು ಮಾಮೂಲಿ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಕಾರಣ ಬೇರೆ: ರೋಗಿ ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ಊರಿನ ಕ್ಲಿನಿಕ್ಕಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ಕಿನ ಒಂದು ಇಂಜೆಕ್ಷನ್ ಬಿದ್ದಿರುತ್ತದೆ. ಅಷ್ಟು ಸಾಕು, ಕಲ್ಚರ್ ಬರಡಾಗಲು.

ಇನ್ನೊಂದು ಕಾರಣ ರಕ್ತದ ಪ್ರಮಾಣ. ವಯಸ್ಕರ ಒಂದೊಂದು ಬಾಟಲಿಗೂ 8ರಿಂದ 10 ಎಂ.ಎಲ್. ರಕ್ತ ಬೇಕು. ಒಂದು ಸೆಟ್ ಅಂದರೆ ಎರಡು ಬಾಟಲಿ, ಹಾಗೆ ಎರಡು ಸೆಟ್, ಎರಡು ಬೇರೆ ಜಾಗದಿಂದ. ಲ್ಯಾಬಿಗೆ ಬರುವುದು ಒಂದೇ ಬಾಟಲಿ, ಅದರಲ್ಲಿ 3 ಎಂ.ಎಲ್. ವಯಸ್ಕರ ಒಂದು ಎಂ.ಎಲ್. ರಕ್ತದಲ್ಲಿ ಒಂದೇ ಒಂದು ರೋಗಾಣು ಇರುವುದೂ ಉಂಟು. ರಕ್ತ ಕಡಿಮೆಯಾದಷ್ಟೂ ಸಿಗುವ ಅವಕಾಶ ಕಡಿಮೆ.

ತೆಗೆಯುವ ಕ್ರಮ: ಕ್ಲೋರ್‌ಹೆಕ್ಸಿಡಿನ್ ಬೆರೆತ ಸ್ಪಿರಿಟ್‌ನಿಂದ ಚರ್ಮವನ್ನು 30 ಸೆಕೆಂಡ್ ಉಜ್ಜಿ, ತಾನಾಗಿ ಆರಲು ಬಿಡಬೇಕು. ಊದಬಾರದು, ಆಮೇಲೆ ಬೆರಳಿಂದ ನರ ಹುಡುಕಬಾರದು. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕಾಣುವ ರಬ್ಬರ್ ಸ್ಟೆರೈಲ್ ಅಲ್ಲ, ಅದನ್ನೂ ಸ್ಪಿರಿಟ್‌ನಲ್ಲಿ ಒರೆಸಬೇಕು. ಮೊದಲೇ ಹಾಕಿರುವ ಕ್ಯಾನುಲಾದಿಂದ ಎಳೆದರೆ ಚರ್ಮದ ಸ್ಟ್ಯಾಫೈಲೋಕಾಕಸ್ ಬೆಳೆದು, ಅದು ನಿಜವೋ ಕಲಬೆರಕೆಯೋ ಎಂದು ಎರಡು ದಿನ ತಲೆ ಕೆಡಿಸಿಕೊಳ್ಳಬೇಕು. ರಕ್ತ ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ನೀಲಿಏಪ್ರನ್ (ಸ್ಟಾಫ್ ನರ್ಸ್, ಹುಬ್ಬಳ್ಳಿ)
ಎಲ್ಲಾರೂ ಲ್ಯಾಬ್ ರಿಪೋರ್ಟಿನ ಮ್ಯಾಲೆ ಮಾತಾಡಾಕತ್ತೀರಿ. ಸೆಪ್ಸಿಸ್ ಮೊದಲ ಕಾಣೋದು ಹಾಸಿಗಿ ಪಕ್ಕ ನಿಂತವರಿಗೆ ನೋಡ್ರಿ. ಅದ್ರಾಗೂ ಉಸಿರಾಟ.

ಯಾವ ವಾರ್ಡಿನ ಟಿಪಿಆರ್ (ಜ್ವರ, ನಾಡಿ, ಉಸಿರು) ಚಾರ್ಟ್ ಬೇಕಾದ್ರೂ ತಗದು ನೋಡ್ರಿ, ಉಸಿರಿನ ಕಾಲಂನಾಗ ಮ್ಯಾಲಿಂದ ಕೆಳಗಿನ ತನಕ 20, 20, 20. ಯಾರೂ ಎಣಿಸಿರೂದಿಲ್ಲ. ಎಣಿಸೋದು ಹಿಂಗ: ನಾಡಿ ಹಿಡದಂಗ ಕೈ ಹಿಡ್ಕೊಂಡು, ಕಣ್ಣು ಎದಿ ಮ್ಯಾಲೆ ಇಟ್ಟು, ಪೂರ್ತಿ ಒಂದು ನಿಮಿಷ. ಉಸಿರು ಎಣಸ್ತೇನಿ ಅಂತ ಹೇಳಿದ್ರ ಪೇಷಂಟ್ ಉಸಿರಾಡೋ ರೀತಿನ ಬದಲಾಗತೈತಿ. ವಯಸ್ಕರಿಗೆ 22 ಅಥವಾ ಹೆಚ್ಚು ಬಂದ್ರ ಡಾಕ್ಟರಿಗೆ ಹೇಳಬೇಕು. ಬಿಪಿ ಇಳಿಯೂಕಿಂತ ತಾಸುಗಟ್ಟಲೆ ಮೊದಲ ಉಸಿರು ಏರಿರಬಹುದು.

ಎರಡನೇದು ಬೆರಳ ತುದಿ. ಉಗುರಿನ ಕೆಳಗಿನ ಮೆತ್ತನ ಭಾಗ ಬೆಳ್ಳಗಾಗೂವಂಗ 10 ಸೆಕೆಂಡ್ ಒತ್ತಿ ಬಿಡ್ರಿ. 3 ಸೆಕೆಂಡಿನ ಒಳಗ ಬಣ್ಣ ಬರಬೇಕು. ತಡಾ ಆದ್ರ ತುದಿ ತನಕ ರಕ್ತ ಮುಟ್ಟವಲ್ದು. ಮದರಂಗಿ ಹಚ್ಚಿದ ಬೆರಳಿನಾಗ ಇದು ಕಾಣೂದಿಲ್ಲ, ಬ್ಯಾರೆ ಬೆರಳು ನೋಡ್ರಿ. ಮೊಣಕಾಲು ಮುಟ್ಟಿದ್ರ ತಣ್ಣಗ ಐತೇನು, ಸುತ್ತ ಜಾಲರಿ ಜಾಲರಿ ಕಲೆ ಐತೇನು? ಅದೂ ಗುರುತು. ಪಲ್ಸ್ ಆಕ್ಸಿಮೀಟರ್ ತಣ್ಣನ ಬೆರಳಿನಾಗ ಸುಳ್ಳು ಹೇಳತೈತಿ, ಅದನ್ನ ನಂಬಿ ಕೂಡಬ್ಯಾಡ್ರಿ.

ಮೂರನೇದು ಮೂತ್ರ. 60 ಕೆ.ಜಿ. ಮನುಷ್ಯಾಗ ತಾಸಿಗೆ 30 ಎಂ.ಎಲ್. ಬರಬೇಕು. ಚೀಲದಾಗ ಎಷ್ಟು ಐತಿ ಅಂತ ಅಂದಾಜು ಬರಿಯೂದಲ್ಲ, ಯೂರೋಮೀಟರ್ (ಮೂತ್ರ ಅಳಿಯೋ ಡಬ್ಬಿ) ಇದ್ರ ತಾಸಿಗೊಮ್ಮೆ ಓದಬೇಕು.

ನವಿಲುಗರಿ
ಸಿಸ್ಟರ್, ಇದು ನನ್ನಂಥವರಿಗೂ ಅರ್ಥವಾಯಿತು. ಜ್ವರ ಇಲ್ಲದ ವಿಷಯ? ಮನೆಯಲ್ಲಿ ವಯಸ್ಸಾದವರಿದ್ದರೆ ಏನು ನೋಡಬೇಕು?

ರಾತ್ರಿಪಾಳಿ
ವಯಸ್ಸಾದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರಿಗೆ ಜ್ವರ ಬಾರದೆ ಇರಬಹುದು. ಮೈ ತಣ್ಣಗಾಗುವುದು, 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಅದು ಜ್ವರಕ್ಕಿಂತ ಕೆಟ್ಟ ಸೂಚನೆ. ಇನ್ನೊಂದು, ದಿನಕ್ಕೆರಡು ಪ್ಯಾರಾಸಿಟಮಾಲ್ ನುಂಗಿದವರಿಗೆ ಥರ್ಮಾಮೀಟರ್ ಏನು ಹೇಳೀತು? ಕ್ಲಿನಿಕ್ಕಿನಲ್ಲಿ ಜ್ವರ ಇಳಿಸಲು ಕೊಡುವ ಡೈಕ್ಲೋಫೆನಾಕ್ ಇಂಜೆಕ್ಷನ್ ಇನ್ನೂ ಕೆಟ್ಟದ್ದು. ಜ್ವರವನ್ನು ಮುಚ್ಚಿಡುತ್ತದೆ, ಮೊದಲೇ ರಕ್ತ ಸಾಲದ ಕಿಡ್ನಿಗೆ ಮೇಲಿಂದ ಪೆಟ್ಟು ಕೊಡುತ್ತದೆ.

ಬಿಪಿ ಮಾತ್ರೆಯ ಪೈಕಿ ಅಟೆನೊಲಾಲ್, ಮೆಟೊಪ್ರೊಲಾಲ್ ನಾಡಿ ಏರದಂತೆ ಹಿಡಿದಿಡುತ್ತವೆ. ನಾಡಿ 84 ಇದೆ, ಆರಾಮಾಗಿದ್ದಾರೆ ಅಂದುಕೊಳ್ಳಬೇಡಿ. ಹಾಗೆಯೇ ಯಾವಾಗಲೂ 160 ಇರುವವರಿಗೆ 110 ಎಂದರೆ ಅದು ಇಳಿದ ಬಿಪಿ.

ಮನೆಯಲ್ಲಿ ನೋಡಬೇಕಾದದ್ದು: ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಎಲ್ಲಿದ್ದೇನೆ ಎಂದು ಕೇಳುತ್ತಿದ್ದರೆ, ಊಟದ ತಟ್ಟೆ ಮುಂದಿಟ್ಟುಕೊಂಡು ತೂಕಡಿಸಿದರೆ, ಬೆಳಗಿನಿಂದ ಮೂತ್ರ ಆಗದಿದ್ದರೆ, ಕೂತಲ್ಲೇ ಏದುಸಿರು ಬಂದರೆ. ಇವುಗಳಲ್ಲಿ ಒಂದು, ಜೊತೆಗೆ ಎಲ್ಲೋ ಸೋಂಕಿನ ಸುಳಿವು, ಅಂದರೆ ಉರಿಮೂತ್ರ, ಕೆಮ್ಮು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು. ಅಷ್ಟಿದ್ದರೆ ‘ನಾಳೆ ಬೆಳಿಗ್ಗೆ ನೋಡೋಣ’ ಬೇಡ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ‘ಇದು ಸೆಪ್ಸಿಸ್ ಇರಬಹುದಾ’ ಎಂದು ಬಾಯಿಬಿಟ್ಟು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಗದ್ದೆಬದು (ಪಿಎಚ್‌ಸಿ ವೈದ್ಯ, ಕರಾವಳಿ)
ಎಲ್ಲ ಸರಿ ಮಾರಾಯ್ರೇ, ಆದರೆ ಚಿಕಿತ್ಸೆಯ ಮಾತು ಬಂದಾಗ ‘ಮೊದಲ ಮೂರು ಗಂಟೆಯಲ್ಲಿ ಕೆ.ಜಿ.ಗೆ 30 ಎಂ.ಎಲ್. ಡ್ರಿಪ್ ದ್ರವ’ ಎಂದು ಮಂತ್ರದ ಹಾಗೆ ಹೇಳುವುದನ್ನು ಒಪ್ಪುವುದು ಕಷ್ಟ. 60 ಕೆ.ಜಿ.ಗೆ 1800 ಎಂ.ಎಲ್. ವೆಂಟಿಲೇಟರ್ ಇರುವಲ್ಲಿ ಸರಿ. ಆಕ್ಸಿಜನ್ ಸಿಲಿಂಡರ್ ಒಂದೇ ಇರುವಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದರೆ ಏನು ಮಾಡುವುದು? 2011ರಲ್ಲಿ ಪ್ರಕಟವಾದ ಆಫ್ರಿಕಾದ ಫೀಸ್ಟ್ ಅಧ್ಯಯನದಲ್ಲಿ, ಜ್ವರ ಮತ್ತು ರಕ್ತಸಂಚಾರ ಕುಂದಿದ ಮಕ್ಕಳಿಗೆ ಬೋಲಸ್ (ಒಮ್ಮೆಲೇ ವೇಗವಾಗಿ ಹರಿಸುವ ದ್ರವ) ಕೊಟ್ಟಾಗ ಸಾವು ಹೆಚ್ಚಾಯಿತು. 2017ರ ಜಾಂಬಿಯಾ ಅಧ್ಯಯನದಲ್ಲಿ ವಯಸ್ಕರಲ್ಲೂ ಅದೇ ಕಥೆ.

ರಾತ್ರಿಪಾಳಿ
ಸರ್, ನಿಮ್ಮ ಮಾತಿನಲ್ಲಿ ತೂಕವಿದೆ. 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ 30 ಎಂ.ಎಲ್. ಅನ್ನು ಬಲವಾದ ಶಿಫಾರಸಿನಿಂದ ದುರ್ಬಲ ಶಿಫಾರಸಿಗೆ ಇಳಿಸಿದೆ. ಆದರೆ ಜಾಂಬಿಯಾದ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು, ಅದನ್ನು ನಮ್ಮಲ್ಲಿಗೆ ಹಾಗೇ ತಂದು ಕೂರಿಸಲಾಗದು. ‘ನೀರೇ ಬೇಡ’ ಎಂಬ ಇನ್ನೊಂದು ತುದಿಗೆ ಹೋದರೂ ರೋಗಿ ಉಳಿಯುವುದಿಲ್ಲ. ಮಧ್ಯದ ದಾರಿ: ರಿಂಗರ್ ಲ್ಯಾಕ್ಟೇಟ್ 250ರಿಂದ 500 ಎಂ.ಎಲ್., 15ರಿಂದ 30 ನಿಮಿಷದಲ್ಲಿ. ಪ್ರತಿ ಸಲವೂ ಬಾಟಲಿ ಮುಗಿದ ಕೂಡಲೇ ನಾಲ್ಕು ನೋಡಿ: ಬಿಪಿ, ಬೆರಳ ತುದಿ, ಉಸಿರಿನ ಎಣಿಕೆ, ಬೆನ್ನ ಕೆಳಭಾಗದಲ್ಲಿ ಸ್ಟೆತಸ್ಕೋಪಿಗೆ ಚರಚರ ಸದ್ದು. ಉಸಿರು ಏರಿ ಚರಚರ ಶುರುವಾದರೆ ಅಲ್ಲಿಗೆ ನಿಲ್ಲಿಸಿ. ಎರಡು ಬಾಟಲಿಗೂ ಬಿಪಿ ಏಳದಿದ್ದರೆ ಮೂರನೆಯದಕ್ಕೆ ಕಾಯದೆ ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಹಚ್ಚಿ.

ಒಂದು ಸಣ್ಣ ವಿಷಯ, ಆದರೆ ದೊಡ್ಡ ವ್ಯತ್ಯಾಸ. 22 ಗೇಜಿನ ನೀಲಿ ಕ್ಯಾನುಲಾದಲ್ಲಿ 18 ಗೇಜಿನ ಹಸಿರಿನ ಅರ್ಧದಷ್ಟೂ ಹರಿಯುವುದಿಲ್ಲ. ಬೋಲಸ್ ಅಂತ ಬರೆದು ನೀಲಿ ಹಾಕಿದರೆ ಅದು ಬೋಲಸ್ ಆಗುವುದಿಲ್ಲ.

ಡೆಂಗಿಯ ಲೆಕ್ಕ ಬೇರೆಯೇ, ಅಲ್ಲಿ ನೀರು ಸೋರುವ ಅವಧಿ ನೋಡಿಕೊಂಡು, ಹಿಮಾಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಅಳೆಯುತ್ತಾ ಕೊಡಬೇಕು. ಆಂಟಿಬಯಾಟಿಕ್ ಕೆಲಸಕ್ಕೆ ಬಾರದು.

ಗದ್ದೆಬದು
ಹಾಗೆ ಹೇಳಿ, ಒಪ್ಪಿದೆ. ಪಿಎಚ್‌ಸಿಯಿಂದ ಕಳಿಸುವ ಮೊದಲು ಮಾಡಬಹುದಾದದ್ದು: ದಾರಿ ದೂರವಿದ್ದರೆ ಮೊದಲ ಡೋಸ್ ಆಂಟಿಬಯಾಟಿಕ್ ಇಲ್ಲೇ. ಕಲ್ಚರ್ ಬಾಟಲಿ ಇದ್ದರೆ ಮೊದಲು ರಕ್ತ ತೆಗೆದು ಜೊತೆಗೇ ಕಳಿಸುವುದು. ಇಲ್ಲದಿದ್ದರೆ ಅದಕ್ಕಾಗಿ ಕಾಯಬಾರದು. ಸೆಫ್ಟ್ರಿಯಾಕ್ಸೋನ್ ಅನ್ನು ರಿಂಗರ್ ಲ್ಯಾಕ್ಟೇಟ್ ಹರಿಯುವ ಲೈನಿಗೆ ಹಾಗೇ ತಳ್ಳಬೇಡಿ, ಕ್ಯಾಲ್ಸಿಯಂ ಜೊತೆ ಗಸಿ ಕಟ್ಟುತ್ತದೆ. ಸಲೈನಿನಲ್ಲಿ ಲೈನ್ ತೊಳೆದು ಕೊಡಿ. ರೆಫರಲ್ ಚೀಟಿಯಲ್ಲಿ ಯಾವ ಔಷಧ, ಎಷ್ಟು ಗ್ರಾಂ, ಎಷ್ಟು ಗಂಟೆಗೆ, ಎಷ್ಟು ಎಂ.ಎಲ್. ದ್ರವ ಹೋಗಿದೆ, ಇಷ್ಟು ಇರಲಿ. ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂಬ ಒಂದು ಸಾಲಿನಿಂದ ಆ ಕಡೆಯವರಿಗೆ ಏನೂ ಸಿಗುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು. ಅಂಗಿ ಬಿಚ್ಚಿಸಿ ನೋಡಿ. ಕಂಕುಳು, ತೊಡೆಸಂದು, ಸೊಂಟದ ದಾರದ ಕೆಳಗೆ, ಸ್ತನದ ಕೆಳಗೆ, ಕಿವಿಯ ಹಿಂದೆ ಬೀಡಿಯಲ್ಲಿ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ ಸ್ಕ್ರಬ್ ಟೈಫಸ್. ಅದಕ್ಕೆ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು. ತೀವ್ರವಾದ ಸ್ಕ್ರಬ್ ಟೈಫಸ್‌ಗೆ ಡಾಕ್ಸಿ ಮತ್ತು ಅಜಿತ್ರೋಮೈಸಿನ್ ಎರಡನ್ನೂ ಒಟ್ಟಿಗೆ ನರದ ಮೂಲಕ ಕೊಡುವುದು ಒಂದೊಂದನ್ನೇ ಕೊಡುವುದಕ್ಕಿಂತ ಮೇಲು ಎಂದು 2023ರಲ್ಲಿ ಪ್ರಕಟವಾದ ಭಾರತದ್ದೇ ಅಧ್ಯಯನ ತೋರಿಸಿದೆ.

ಅಗರ್‌ತಟ್ಟೆ
ಕರಾವಳಿ ಅಂದಮೇಲೆ ಮೆಲಿಯಾಯ್ಡೋಸಿಸ್ ಬಿಟ್ಟರೆ ಹೇಗೆ? ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆ ಹಿಡಿದ ಮೇಲೆ ಬರುವ ಸೆಪ್ಸಿಸ್‌ನಲ್ಲಿ ಇದನ್ನು ನೆನಪಿಡಲೇಬೇಕು. ಮಣ್ಣು, ಕೆಸರುನೀರಿನಲ್ಲಿರುವ ಬರ್ಕೋಲ್ಡೇರಿಯಾ ಸ್ಯೂಡೋಮಾಲಿಯೈ ಎಂಬ ರೋಗಾಣು. ಹೆಚ್ಚಿನ ರೋಗಿಗಳಿಗೆ ಸಕ್ಕರೆ ಕಾಯಿಲೆ ಇರುತ್ತದೆ. ನ್ಯುಮೋನಿಯಾ, ಜೊತೆಗೆ ಸ್ಕ್ಯಾನಿನಲ್ಲಿ ಲಿವರ್, ಗುಲ್ಮ ಅಥವಾ ಪ್ರಾಸ್ಟೇಟಿನಲ್ಲಿ ಕೀವಿನ ಗೂಡುಗಳು ಕಂಡರೆ ಅನುಮಾನ ಬಲವಾಗಬೇಕು.

ತಪ್ಪುವುದು ಲ್ಯಾಬಿನಲ್ಲೇ. ಗ್ರಾಂ ನೆಗೆಟಿವ್, ಆಕ್ಸಿಡೇಸ್ ಪಾಸಿಟಿವ್ ಎಂದ ಕೂಡಲೇ ‘ಸ್ಯೂಡೋಮೊನಾಸ್’ ಎಂದು ಬರೆದು ಕಳಿಸಿಬಿಡುತ್ತಾರೆ, ಅಥವಾ ಕಲಬೆರಕೆ ಎಂದು ಎಸೆಯುತ್ತಾರೆ. ಯಂತ್ರವೂ ಕೆಲವು ಸಲ ಬರ್ಕೋಲ್ಡೇರಿಯಾ ಸೆಪಾಸಿಯಾ ಎಂದು ಹೆಸರು ತಪ್ಪಿ ಹೇಳುತ್ತದೆ. ದುಡ್ಡು ಬೇಡದ ಉಪಾಯ, ಪ್ಲೇಟಿನ ಮೇಲಿಡುವ ಮೂರು ಆಂಟಿಬಯಾಟಿಕ್ ಡಿಸ್ಕ್: ಜೆಂಟಾಮೈಸಿನ್‌ಗೆ ಬಗ್ಗುವುದಿಲ್ಲ, ಕೊಲಿಸ್ಟಿನ್‌ಗೂ ಬಗ್ಗುವುದಿಲ್ಲ, ಆದರೆ ಅಮಾಕ್ಸಿಕ್ಲಾವ್ ಸುತ್ತ ಖಾಲಿ ವೃತ್ತ ಬರುತ್ತದೆ. ಈ ಮೂರೂ ಕೂಡಿದರೆ ಪ್ಲೇಟ್ ಮುಚ್ಚಿ, ಸೇಫ್ಟಿ ಕ್ಯಾಬಿನೆಟ್ಟಿಗೆ ಒಯ್ದು, ವಾರ್ಡಿಗೆ ಫೋನ್ ಮಾಡಿ. ಪ್ಲೇಟ್ ಮೂಸಿ ನೋಡುವ ಹಳೇ ಚಾಳಿ ಇಲ್ಲಿ ಬೇಡ. ಎರಡನೇ ಮೂರನೇ ದಿನಕ್ಕೆ ಕಾಲೊನಿ ಒಣಗಿ ಸುಕ್ಕುಗಟ್ಟುತ್ತದೆ, ಆದರೆ ಅಷ್ಟು ಹೊತ್ತು ರೋಗಿ ಕಾಯಲಾರ.

ರಾತ್ರಿಪಾಳಿ
ಈ ಫೋನ್ ಬಂದರೆ ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್‌ಗೆ ಹೋಗಬೇಕು. ಶಾಕ್‌ನಲ್ಲಿದ್ದರೆ ಮೆರೊಪೆನೆಮ್ 1 ಗ್ರಾಂ, 8 ಗಂಟೆಗೊಮ್ಮೆ. ಕಿಡ್ನಿ ಕೆಟ್ಟಿದೆ ಎಂದು ಮೊದಲ ಡೋಸನ್ನು ಅರ್ಧ ಮಾಡುವವರಿದ್ದಾರೆ. ಯಾವ ಸೆಪ್ಸಿಸ್‌ನಲ್ಲೂ ಹಾಗೆ ಮಾಡಬೇಡಿ. ಮೊದಲ ಡೋಸ್ ಪೂರ್ತಿ, ಕಡಿಮೆ ಮಾಡುವುದೇನಿದ್ದರೂ ಆಮೇಲೆ.

ಸಮಯದ ಮಾತು: ಶಾಕ್ ಇದ್ದರೆ ಅಥವಾ ಸೆಪ್ಸಿಸ್ ಎಂದು ಹೆಚ್ಚುಕಡಿಮೆ ಖಚಿತವಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್. ಶಾಕ್ ಇಲ್ಲ, ಅನುಮಾನ ಮಾತ್ರ ಇದೆ ಎಂದರೆ ಬೇಗ ತಪಾಸಣೆ ಮುಗಿಸಿ 3 ಗಂಟೆಯೊಳಗೆ ನಿರ್ಧಾರ. ಜ್ವರದ ಎಲ್ಲರಿಗೂ ಮೆರೊಪೆನೆಮ್ ಸುರಿಯುವುದಕ್ಕೆ ಇದು ಪರವಾನಗಿ ಅಲ್ಲ.

ಔಷಧಿಗಿಂತ ಹೆಚ್ಚು ಮರೆಯುವುದು ಸೋಂಕಿನ ಬೇರು ಕೀಳುವುದನ್ನು. ಕಲ್ಲು ಸಿಕ್ಕಿಕೊಂಡು ಕಿಡ್ನಿಯಲ್ಲಿ ಕೀವು ನಿಂತಿದ್ದರೆ ಯಾವ ಆಂಟಿಬಯಾಟಿಕ್ಕೂ ಒಳಗೆ ಇಳಿಯದು. ಸ್ಟೆಂಟ್ ಅಥವಾ ನಳಿಕೆ ಹಾಕಿ 6ರಿಂದ 12 ಗಂಟೆಯೊಳಗೆ ಹೊರಬಿಡಬೇಕು. ಕೊಳೆತ ಕಾಲ್ಬೆರಳು, ಪಿತ್ತನಾಳದ ಕಟ್ಟು, ತೂತಾದ ಕರುಳು, ಎಲ್ಲಕ್ಕೂ ಇದೇ ಮಾತು. ‘ಬಿಪಿ ಸ್ಥಿರವಾಗಲಿ, ಆಮೇಲೆ ಆಪರೇಷನ್’ ಎನ್ನುತ್ತಾ ಕೂತರೆ ಬಿಪಿ ಸ್ಥಿರವಾಗುವುದೇ ಇಲ್ಲ.

ಮದ್ದಿನಚೀಟಿ (ಕ್ಲಿನಿಕಲ್ ಫಾರ್ಮಸಿ)
ನಾರ್‌ಅಡ್ರಿನಲಿನ್ ಲೆಕ್ಕ ತಪ್ಪುವುದು ಎಲ್ಲಿ ಎಂದು ಹೇಳುತ್ತೇನೆ. ಆಂಪ್ಯೂಲಿನ ಮೇಲೆ ಬರೆದ ಮಿಲಿಗ್ರಾಂ ಬೇಸಿನದೋ (ಅಸಲು ಔಷಧ) ಬೈಟಾರ್ಟ್ರೇಟ್ ಉಪ್ಪಿನದೋ ಓದಿ. 2 ಮಿ.ಗ್ರಾಂ. ಉಪ್ಪು ಎಂದರೆ ಬೇಸ್ ಸುಮಾರು 1 ಮಿ.ಗ್ರಾಂ. ಮಾತ್ರ. ಇದನ್ನು ನೋಡದಿದ್ದರೆ ಡೋಸ್ ದುಪ್ಪಟ್ಟೋ ಅರ್ಧವೋ ಆಗುತ್ತದೆ. 4 ಮಿ.ಗ್ರಾಂ. ಬೇಸನ್ನು 50 ಎಂ.ಎಲ್. ಮಾಡಿದರೆ ಎಂ.ಎಲ್.ಗೆ 80 ಮೈಕ್ರೋಗ್ರಾಂ. 60 ಕೆ.ಜಿ. ರೋಗಿಗೆ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಎಂದರೆ ಗಂಟೆಗೆ 360 ಮೈಕ್ರೋಗ್ರಾಂ, ಪಂಪಿನಲ್ಲಿ ಗಂಟೆಗೆ 4.5 ಎಂ.ಎಲ್. ಗುರಿ ಮೇಲಿನ ಬಿಪಿ 90 ಅಷ್ಟೇ ಅಲ್ಲವೇ?

ನೀಲಿಏಪ್ರನ್
ಅಲ್ರೀ ಸರ್, ಗುರಿ ಸರಾಸರಿ ಒತ್ತಡ, 65. ಕೆಳಗಿನ ಬಿಪಿಯ ಎರಡರಷ್ಟಕ್ಕೆ ಮ್ಯಾಲಿನದು ಕೂಡಿಸಿ ಮೂರರಿಂದ ಭಾಗಿಸೋದು. 92/44 ಇದ್ರ 60 ಬರತೈತಿ, ಮ್ಯಾಲಿನದು 90 ದಾಟಿದ್ರೂ ಸಾಲೂದಿಲ್ಲ. ಸೆಂಟ್ರಲ್ ಲೈನ್ (ಎದಿ ಹತ್ರದ ದೊಡ್ಡ ನರಕ್ಕ ಹಾಕೋ ನಳಿಗಿ) ಇಲ್ಲಂತ ಕಾಯಬ್ಯಾಡ್ರಿ, ಮೊಣಕೈ ಮಡಿಕಿ ಅಥವಾ ಅದರ ಮ್ಯಾಲಿನ ದೊಡ್ಡ ನರದಾಗ ಸ್ವಲ್ಪ ಹೊತ್ತು ನಡಸಬಹುದು. ಅಂಗೈ ಹಿಂಬದಿ ಬ್ಯಾಡ. ಆಗಾಗ ನೋಡ್ರಿ, ಸುತ್ತ ಬೆಳ್ಳಗಾಗಿ ತಣ್ಣಗಾದ್ರ ಔಷಧ ಹೊರಗ ಸೋರೇತಿ, ತಕ್ಷಣ ನಿಲ್ಲಿಸಿ ಇನ್ನೊಂದು ಕೈಯಾಗ ಹಚ್ಚಬೇಕು. ಬಿಪಿ ಕಫ್ ಆ ಕೈಗೆ ಕಟ್ಟಬ್ಯಾಡ್ರಿ.

ಮದ್ದಿನಚೀಟಿ
ಸರಿ ಸಿಸ್ಟರ್, ನನ್ನದೇ ತಪ್ಪು, 65 ಸರಾಸರಿಯೇ. ನಾರ್‌ಅಡ್ರಿನಲಿನ್ 0.25 ಮುಟ್ಟಿ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಹೈಡ್ರೋಕಾರ್ಟಿಸೋನ್ ದಿನಕ್ಕೆ 200 ಮಿ.ಗ್ರಾಂ., ಅಂದರೆ 6 ಗಂಟೆಗೊಮ್ಮೆ 50. ಅದರಿಂದ ಸಕ್ಕರೆ ಏರುತ್ತದೆ. 180 ದಾಟಿದರೆ ಇನ್ಸುಲಿನ್.

ನವಿಲುಗರಿ
ಪ್ರೊಕ್ಯಾಲ್ಸಿಟೋನಿನ್ ಅಂತ ಸಾವಿರಾರು ರೂಪಾಯಿಯ ಟೆಸ್ಟ್ ಬರೆಯುತ್ತಾರಲ್ಲ, ಅದು ಸೆಪ್ಸಿಸ್ ಹೌದೋ ಅಲ್ಲವೋ ಹೇಳುತ್ತದೆಯೇ?

ರಾತ್ರಿಪಾಳಿ
ಇಲ್ಲ. ಆಂಟಿಬಯಾಟಿಕ್ ಶುರುಮಾಡಲು ಅದನ್ನು ಕಾಯಬಾರದು, ಕಡಿಮೆ ಬಂತೆಂದು ಬಿಡಲೂಬಾರದು. ನಿಲ್ಲಿಸುವ ಹೊತ್ತು ಬಂದಿದೆಯೇ ಎಂದು ನೋಡಲು ಉಪಯೋಗ ಉಂಟು. ಲ್ಯಾಕ್ಟೇಟ್ ಹೆಚ್ಚು ಉಪಯುಕ್ತ, ಅದಕ್ಕೂ ಮಿತಿ ಇದೆ: ಫಿಟ್ಸ್ ಬಂದವರಿಗೆ, ಲಿವರ್ ಕೆಟ್ಟವರಿಗೆ, ಅಡ್ರಿನಲಿನ್ ಹಚ್ಚಿದವರಿಗೆ ಸೆಪ್ಸಿಸ್ ಇಲ್ಲದೆಯೂ ಏರುತ್ತದೆ. ರಕ್ತ ತೆಗೆದು ಅರ್ಧ ಗಂಟೆ ಟ್ರೇನಲ್ಲಿ ಬಿಟ್ಟರೆ ಸಿರಿಂಜಿನೊಳಗೇ ಏರುತ್ತದೆ. ತಕ್ಷಣ ಯಂತ್ರಕ್ಕೆ ಹಾಕಿ, ಇಲ್ಲವೇ ಬೂದುಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ ಐಸ್ ಮೇಲಿಟ್ಟು ಕಳಿಸಿ.

ತೊಟ್ಟಿಲು (ತಾಯಿ-ಮಗು ವಿಭಾಗ)
ಬಾಣಂತಿಯರದ್ದೂ ಹಸುಗೂಸಿನದೂ ಯಾರೂ ಹೇಳಲಿಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ನಾಡಿ ಸ್ವಲ್ಪ ಹೆಚ್ಚಿರುವುದು ಮಾಮೂಲು ಎಂದು 120 ಅನ್ನೂ ಬಿಟ್ಟುಬಿಡುತ್ತಾರೆ. ಮೈಲಿಗೆಯ ಸ್ರಾವ ವಾಸನೆ ಬಂದರೆ, ಹೊಟ್ಟೆ ಮುಟ್ಟಲಾಗದಷ್ಟು ನೋವಿದ್ದರೆ, ಚಳಿ ನಡುಕ ಬಂದರೆ ಬಾಣಂತನದ ಕೋಣೆಯಲ್ಲಿ ಶಾಖ ಕೊಡುತ್ತಾ ಕೂರಬೇಡಿ. ಬಾಣಂತಿಗೆ ಜ್ವರ ಬಾರದೆಯೂ ಇರಬಹುದು.

ಎರಡು ತಿಂಗಳೊಳಗಿನ ಕೂಸಿನಲ್ಲಿ ಮೊದಲ ಗುರುತು ಮೊಲೆ ಹಿಡಿಯದಿರುವುದು. ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆಯುವುದು, ಅಲುಗಿಸಿದರೆ ಮಾತ್ರ ಕೈಕಾಲಾಡಿಸುವುದು, ಮೈ 35.5ಕ್ಕಿಂತ ತಣ್ಣಗಿರುವುದು. ಇವುಗಳಲ್ಲಿ ಯಾವುದೇ ಒಂದಿದ್ದರೂ ಆಸ್ಪತ್ರೆಗೆ. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳಿ, ತಣ್ಣಗಾದ ಕೂಸು ಬೇಗ ಕುಸಿಯುತ್ತದೆ. ಹೊಕ್ಕುಳಿಗೆ ಎಣ್ಣೆ, ಅರಿಸಿನ, ಬೂದಿ ಯಾವುದೂ ಬೇಡ.

ಗದ್ದೆಬದು
ಮೆಲಿಯಾಯ್ಡೋಸಿಸ್ ಬಗ್ಗೆ ಒಂದು ಉಳಿಯಿತು. ಮನೆಗೆ ಹೋದ ಮೇಲೆ ಮಾತ್ರೆ ಬಿಟ್ಟು, ಮುಂದಿನ ಮಳೆಗಾಲಕ್ಕೆ ಮತ್ತೆ ಬರುವವರಿದ್ದಾರೆ. ಎಷ್ಟು ದಿನ, ಎಷ್ಟು?

ಮದ್ದಿನಚೀಟಿ
ನರದ ಇಂಜೆಕ್ಷನ್ ಕನಿಷ್ಠ ಎರಡು ವಾರ, ಒಳಗೆ ಕೀವಿನ ಗೂಡಿದ್ದರೆ ಇನ್ನೂ ಹೆಚ್ಚು. ಆಮೇಲೆ ಕೋಟ್ರೈಮಾಕ್ಸಜೋಲ್ ಕನಿಷ್ಠ 3 ತಿಂಗಳು: 60 ಕೆ.ಜಿ. ಮೇಲ್ಪಟ್ಟವರಿಗೆ 160/800ರ ಮಾತ್ರೆ ಎರಡೆರಡು, 12 ಗಂಟೆಗೊಮ್ಮೆ. 40ರಿಂದ 60 ಕೆ.ಜಿ.ಯವರಿಗೆ ಒಂದೂವರೆ. ಕಿಡ್ನಿ ಕುಂದಿದ್ದರೆ ಇದು ಕಡಿಮೆಯಾಗಬೇಕು, ಅದನ್ನು ವೈದ್ಯರೇ ಬರೆದುಕೊಡಬೇಕು. ಜೊತೆಗೆ ಫೋಲಿಕ್ ಆಸಿಡ್. ಮೊದಲ ಕೆಲವು ವಾರ ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ ವಾರಕ್ಕೊಮ್ಮೆ ನೋಡಬೇಕು. ಮೈಮೇಲೆ ಗುಳ್ಳೆ ಎದ್ದರೆ, ಬಾಯಿಯೊಳಗೆ ಹುಣ್ಣಾದರೆ ಆ ದಿನವೇ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಗದ್ದೆಗೆ ಇಳಿಯುವಾಗ ಗಂಬೂಟು.